ಖಾಲಿ ಜೀಪಿನ ನಡುಕ

ನನ್ನ ಮಗಳು ಒಂದನೇ ತರಗತಿಯಲ್ಲಿದ್ದಾಗ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಉದ್ದಕ್ಕೆ 'ಆ' ಎಂದು ರಾಗ ಎಳೆಯುತ್ತಿದ್ದಳು. ಅರಕಲಗೂಡು ಕಡೆಯ ನಮ್ಮ ಊರಿನಿಂದ ಹೊಳೆನರಸೀಪುರದ ಶಾಲೆಗೆ ಹೋಗುವಾಗ, ಮಣ್ಣಿನ ದಾರಿ ಮುಗಿದು ಟಾರು ರಸ್ತೆ ಸಿಕ್ಕಿ, ಮೀಟರಿನ ಮುಳ್ಳು ನಲವತ್ತು ದಾಟುವ ಹೊತ್ತಿಗೆ ಆ ರಾಗ ಒಡೆಯುತ್ತಿತ್ತು. ತಿರುಗುವ ಫ್ಯಾನಿನ ಮುಂದೆ ಬಾಯಿಟ್ಟು ಕೂಗಿದ ಹಾಗೆ 'ಅ ಅ ಅ ಅ' ಎಂದು ಚೂರು ಚೂರಾಗಿ ಬರುತ್ತಿತ್ತು. ಅವಳಿಗೆ ಅದಕ್ಕಿಂತ ಖುಷಿ ಇನ್ನೊಂದಿರಲಿಲ್ಲ. "ಅಮ್ಮ, ಬಂತು! ಬಂತು!" ಎಂದು ಕೈತಟ್ಟುತ್ತಿದ್ದಳು.

ನನ್ನ ಕಿವಿ ಮಾತ್ರ ಬೇರೆ ಸದ್ದುಗಳ ಮೇಲಿರುತ್ತಿತ್ತು. ಅವಳ ಟಿಫಿನ್ ಡಬ್ಬಿಯ ಮುಚ್ಚಳ ಜುಯ್ಯೆನ್ನುತ್ತಿತ್ತು. ಗೇರ್ ಕೋಲಿನ ತುದಿಯ ಗುಂಡು ಅಂಗೈಯಲ್ಲಿ ಜೀರುಂಡೆ ಹಿಡಿದುಕೊಂಡಂತೆ ಗುಯ್‌ಗುಡುತ್ತಿತ್ತು. ಕನ್ನಡಿಯಲ್ಲಿ ಹಿಂದೆ ಉಳಿದ ಒಂದು ಹಸು ಎರಡು ಹಸುವಾಗಿ ಕಾಣುತ್ತಿತ್ತು. ಐವತ್ತೈದು ದಾಟಿಸಿದರೆ ನಡುಕ ಸ್ವಲ್ಪ ತಗ್ಗುತ್ತದೆಂದು ಗೊತ್ತಿತ್ತು. ಆದರೆ ಆ ರಸ್ತೆಯಲ್ಲಿ, ಆ ಕಾಲದಲ್ಲಿ, ನನ್ನ ಕಾಲಿಗೆ ಅಷ್ಟು ಧೈರ್ಯ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಹಾಸನದಲ್ಲಿ ಹುಟ್ಟಿ, ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಮಗೆ ಹೆಮ್ಮಿಂಗ್ ಹೊಲಿಗೆ, ಪುಟದ ಎಡಕ್ಕೆ ಮಾರ್ಜಿನ್ ಬಿಡುವುದು, ದೊಡ್ಡವರ ಮಾತಿಗೆ ಅಡ್ಡ ಬಾಯಿ ಹಾಕದಿರುವುದು ಇವನ್ನೆಲ್ಲ ಚೆನ್ನಾಗಿ ಕಲಿಸಿದ್ದರು. ಮದುವೆಯಾಗಿ ಬಂದದ್ದು ಆಲೂಗಡ್ಡೆ ಬೆಳೆಯುವ ಮನೆಗೆ. ನಮ್ಮ ಯಜಮಾನರು ಮಿಲಿಟರಿ ಹರಾಜಿನ ಹಳೆಯದೊಂದು ಫೋರ್ ವೀಲ್ ಜೀಪು ಇಟ್ಟುಕೊಂಡಿದ್ದರು. ಮನೆಗೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ಮಳೆ ಹಿಡಿದರೆ ಅದರ ಕಲ್ಲುಗಳಿಗೆ ಜೀಪಿನ ಹೊಟ್ಟೆ ತಗಲುತ್ತಿತ್ತು. ಹಿಂದಿನ ವರ್ಷ ಸೈಲೆನ್ಸರು ಅಲ್ಲೇ ಕಳಚಿಬಿದ್ದಿತ್ತು. ಹಾಗಾಗಿ ಬೇಸಿಗೆ ರಜೆಯಲ್ಲಿ ಜೀಪನ್ನು ಚನ್ನರಾಯಪಟ್ಟಣಕ್ಕೆ ತಗೊಂಡು ಹೋಗಿ, ಹೈವೇ ಪಕ್ಕದಲ್ಲಿ ಲಾರಿಗಳಿಗೆ ಕಮಾನು, ಅಂದರೆ ಪಟ್ಟೆಪಟ್ಟೆಯಾದ ಸ್ಪ್ರಿಂಗು, ಕಟ್ಟುವವರ ಕೈಲಿ ಎತ್ತರ ಮಾಡಿಸಿಕೊಂಡು ಬಂದರು. ಕಮಾನಿಗೆ ಹೆಚ್ಚಿನ ಪಟ್ಟೆಗಳು ಬಿದ್ದು ಜೀಪು ಎದೆ ಸೆಟೆಸಿ ನಿಂತಿತು. ನಮ್ಮತ್ತೆ ಹತ್ತುವುದಕ್ಕೆ ಒಂದು ಮರದ ಸ್ಟೂಲು ಬೇಕಾಯಿತು, ಅಷ್ಟೇ ತೊಂದರೆ ಅಂದುಕೊಂಡಿದ್ದೆವು.

ನಾನು ಡ್ರೈವಿಂಗ್ ಕಲಿತದ್ದೂ ಅದೇ ಬೇಸಿಗೆಯಲ್ಲಿ. ಶಾಲೆಯ ಹೊತ್ತಿಗೆ ನಮ್ಮ ಕಡೆ ಬಸ್ಸಿರಲಿಲ್ಲ. ಬೆಳೆ ಕಿತ್ತು ಹಾಸನದ ಮಾರ್ಕೆಟ್ಟಿಗೆ ಸಾಗಿಸುವ ದಿನಗಳಲ್ಲಿ ಯಜಮಾನರಿಗೆ ಬೆಳಿಗ್ಗೆ ಬಿಡುವಿರುತ್ತಿರಲಿಲ್ಲ. "ನೀನೇ ಕಲಿತುಬಿಡು, ಯಾರ ಹಂಗೂ ಬೇಡ" ಅಂದರು. ಮಣ್ಣಿನ ದಾರಿಯಲ್ಲೇ ಮೆಲ್ಲಗೆ ಕಲಿತೆ. ಜೂನಿನಲ್ಲಿ ಶಾಲೆ ಶುರುವಾದ ಮೇಲೆ ನಡುಕವೂ ಶುರುವಾಯಿತು.

ವಿಚಿತ್ರ ಏನೆಂದರೆ ಯಜಮಾನರು ಓಡಿಸುವಾಗ ಜೀಪು ನಡುಗುತ್ತಿರಲಿಲ್ಲ. ನಾನು ಓಡಿಸಿದರೆ ಮಾತ್ರ ನಡುಗುತ್ತಿತ್ತು. ಇದಕ್ಕೆ ನನ್ನ ಮಗಳೇ ಸಾಕ್ಷಿ. ಅಪ್ಪನ ಜೊತೆ ಹೋಗುವಾಗ ಎಷ್ಟು 'ಆ' ಎಂದರೂ ದಾರದ ಹಾಗೆ ನೆಟ್ಟಗೆ ಬರುತ್ತಿತ್ತು. ಊಟಕ್ಕೆ ಕೂತಾಗ ಎಲ್ಲರೆದುರಿಗೆ, "ಅಪ್ಪಂದು ಬೋರು. ಅಮ್ಮ ಓಡ್ಸಿದ್ರೇನೇ ಮಜಾ" ಎಂದು ಹೇಳಿಬಿಡುತ್ತಿದ್ದಳು.

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ ನೀನು, ಅದಕ್ಕೇ" ಅನ್ನುತ್ತಿದ್ದರು ಯಜಮಾನರು.

"ಇಲ್ಲಾರೀ, ಪಕ್ಕಕ್ಕೇ ಇಟ್ಟಿರ್ತೀನಿ."

"ನಿಂಗೆ ಗೊತ್ತಾಗಲ್ಲ ಅದು."

ಆದರೂ ಒಂದೆರಡು ಸಲ ಅರಕಲಗೂಡಿನ ಗ್ಯಾರೇಜಿಗೆ ತೋರಿಸಿದ್ದರು. ಮೆಕ್ಯಾನಿಕ್ಕು ನಮ್ಮ ಮನೆಗೆ ಬಹಳ ವರ್ಷದಿಂದ ಬೇಕಾದವನು. ನನ್ನನ್ನು ಅಕ್ಕಾ ಅನ್ನುತ್ತಿದ್ದ. ಗೇರ್‌ಬಾಕ್ಸಿನ ಕಡೆಯಿಂದ ಹಿಂದಿನ ಚಕ್ರಗಳ ಮಧ್ಯದ ಉಂಡೆಗೆ ಹೋಗುವ ಉದ್ದದ ಕೊಳವೆಯಂಥ ಪ್ರೊಪೆಲರ್ ಶಾಫ್ಟನ್ನು ಬಿಚ್ಚಿ, ಅದರ ಎರಡು ತುದಿಯಲ್ಲಿರುವ ಕ್ರಾಸು ಎಂಬ ಕೀಲುಗಳನ್ನು ಹೊಸದು ಹಾಕಿ, ಗ್ರೀಸು ತುಂಬಿದ. ಹಾಸನಕ್ಕೆ ಕಳಿಸಿ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದ. ಪ್ರತಿ ಸಲವೂ ಟ್ರಯಲ್ಲು. ಗ್ಯಾರೇಜಿನ ಮುಂದಿನ ಬೆಂಚಿನಲ್ಲಿ ಬೀಡಿ ಸೇದುತ್ತ ಕೂತವರಿಗೆಲ್ಲ ಆ ಟ್ರಯಲ್ಲು ಒಂದು ಸವಾರಿ. ಮೆಕ್ಯಾನಿಕ್ಕು ಸ್ಟಾರ್ಟ್ ಮಾಡಿದ ತಕ್ಷಣ ಹಿಂದೆ ಹತ್ತಿಕೊಂಡುಬಿಡುತ್ತಿದ್ದರು. ಎಲ್ಲರೂ ಸೇರಿ ಒಂದು ಸುತ್ತು ಹೋಗಿ ಬಂದು, "ಹೂ ಎತ್ತಿದಂಗೆ ಓಗ್ತದೆ ಗೌಡ್ರೇ, ಏನೂ ಇಲ್ಲ" ಎಂದು ಒಟ್ಟಿಗೆ ತೀರ್ಪು ಕೊಡುತ್ತಿದ್ದರು. ಯಜಮಾನರು ನನ್ನ ಕಡೆ ನೋಡುತ್ತಿದ್ದರು. ಬೈಯುವ ನೋಟವಲ್ಲ, ಪಾಪ ಅನ್ನುವ ನೋಟ. ಅದೇ ಹೆಚ್ಚು ಚುಚ್ಚುತ್ತಿತ್ತು.

ಮಾವನವರು ಒಂದು ದಿನ ಜಗಲಿಯಲ್ಲಿ ಕೂತು ನನ್ನನ್ನು ಕರೆದರು. ಅವರು ಗಟ್ಟಿಯಾಗಿ ಮಾತಾಡುವವರಲ್ಲ.

"ನಿನ್ ತಪ್ಪು ಅಂತ ನಾನ್ ಏಳ್ತಿಲ್ಲ ಕಣವ್ವ. ಮಗೀನ ಕೂರಿಸ್ಕೊಂಡು ಓಗೋ ಗಾಡಿ ಅಂಗೆ ಅದುರ್ತದೆ ಅಂದ್ರೆ ನಂಗೆ ಇಲ್ಲಿ ಅನ್ನ ಇಳಿಯಕಿಲ್ಲ. ಗಣೇಶನ ಅಬ್ಬ ಮುಗೀಲಿ. ಆಸನದಲ್ಲಿ ನಿಮ್ಮಪ್ಪನ ಮನೇಲಿ ಬುಟ್ಟು ಓದಿಸಾನ. ನೀನ್ ಓದಿದ್ ಇಸ್ಕೂಲೇ ಐತಲ್ಲ ಅಲ್ಲಿ."

ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮಮ್ಮ ಮೊಮ್ಮಗಳನ್ನು ಅಂಗೈಯಲ್ಲಿಟ್ಟು ಸಾಕುತ್ತಿದ್ದಳು. ಆದರೆ ನನ್ನ ಮಗಳಿಗೆ ಆರು ವರ್ಷ. ರಾತ್ರಿ ಮಲಗುವಾಗ ನನ್ನ ಕಿವಿಯ ಹಾಲೆ ಹಿಡಿದುಕೊಂಡೇ ಅವಳಿಗೆ ನಿದ್ದೆ ಬರುತ್ತಿತ್ತು. 'ಆಗಲಿ ಮಾವಯ್ಯ' ಎಂದು ಒಳಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ. ಮುಂದಿನ ವಾರ ಯಜಮಾನರು ಹಾಸನದಿಂದ ಒಂದು ಹಸಿರು ಬಣ್ಣದ ತಗಡಿನ ಟ್ರಂಕು ತಂದು ಹಜಾರದ ಮೂಲೆಯಲ್ಲಿಟ್ಟರು. ಅದರ ಮೇಲೆ ಮಗಳ ಹೆಸರು ಬರೆಸುವುದೊಂದು ಬಾಕಿ. ಗುಡಿಸುವಾಗ ಅದನ್ನು ಸರಿಸದೆ, ಸುತ್ತ ಮಾತ್ರ ಗುಡಿಸುತ್ತಿದ್ದೆ.

ಗೌರಿ ಹಬ್ಬಕ್ಕೆ ಮೊರ, ಬಳೆ ತರಬೇಕೆಂದು ನಮ್ಮತ್ತೆ ಒಂದು ಬೆಳಿಗ್ಗೆ ನನ್ನ ಜೊತೆ ಹೊರಟರು. ಅವರು ಎತ್ತರದ, ತುಂಬಿದ ಮೈಯವರು. ಮುಂದೆ ಕೂತರೆ ಎದುರಿನ ಲಾರಿ ಮೈಮೇಲೆ ಬಂದ ಹಾಗೆ ಆಗುತ್ತದೆಂದು ಸ್ಟೂಲು ಹಾಕಿಸಿಕೊಂಡು ಹಿಂದೆಯೇ ಹತ್ತಿದರು. ಟಾರು ರಸ್ತೆ ಕೂಡುವ ಕಡೆ ನಮ್ಮೂರ ಹೆಂಗಸರು ನಾಲ್ಕೈದು ಜನ ನಿಂತಿದ್ದರು. ಅವರೂ ಬಳೆಗೆ ಹೊರಟವರೇ. ಸಾಮಾನ್ಯವಾಗಿ ನಾನು ಓಡಿಸುವ ಜೀಪಿಗೆ ಯಾರೂ ಹತ್ತುತ್ತಿರಲಿಲ್ಲ. ಗಂಡಸರಂತೂ ನಾನು ನಿಧಾನ ಮಾಡಿದರೆ ಆಕಾಶ ನೋಡುವವರು, ಚಪ್ಪಲಿಯ ಉಂಗುಷ್ಠ ಸರಿಮಾಡುವವರು, "ಇಲ್ಲೇ ಒಸಿ ಕೆಲ್ಸ ಐತೆ, ನೀವ್ ನಡೀರವ್ವ" ಎಂದು ಹೊಲಕ್ಕೆ ಇಳಿಯುವವರು. ಆವತ್ತು ನಮ್ಮತ್ತೆ ಬಿಡಲಿಲ್ಲ.

"ಬನ್ರೇ, ಅತ್ತ್‌ರೇ! ನನ್ ಸೊಸೆ ಏನ್ ಕಚ್ತಾಳಾ?"

"ಕಚ್ಚಕಿಲ್ಲ ಸರಿ, ಎಲ್ಲಾರ ಕೆಡವ್ ಬುಟ್ರೆ?"

"ಕೆಡವಿದ್ರೆ ನಾನ್ ಅಡೀಗಿರ್ತೀನಿ, ನೀನ್ ಮೇಲ್ ಬೀಳ್ತೀಯ. ಮೆತ್ತಗಿರ್ತದೆ. ಅತ್ತು."

ಒಬ್ಬರ ಕೈ ಒಬ್ಬರು ಹಿಡಿದು, ನಗುತ್ತ, ಹತ್ತಿದರು. ಜೀಪು ಹಿಂದೆ ಕುಕ್ಕರಿಸಿತು. ನಾನು ಮುಳ್ಳನ್ನೇ ನೋಡುತ್ತ ಹೊರಟೆ. ಮೂವತ್ತೈದು, ನಲವತ್ತು, ನಲವತ್ತೈದು. ಮಗಳು ಎಂದಿನಂತೆ ಬಾಯಿ ತೆರೆದಳು. 'ಆ' ನೆಟ್ಟಗೆ ಹೋಯಿತು. ಅವಳು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ಹೇಳಿದಳು. ಮತ್ತೂ ನೆಟ್ಟಗೆ.

"ಅಮ್ಮ, ಇವತ್ತು ಬರ್ತಾನೇ ಇಲ್ಲ!"

ಕನ್ನಡಿ ನೋಡಿದೆ. ಹಿಂದೆ ಉಳಿದ ಹಸು ಒಂದೇ ಇತ್ತು. ಟಿಫಿನ್ ಡಬ್ಬಿ ತೆಪ್ಪಗಿತ್ತು. ಕಾಲು ಅದೇ, ಕ್ಲಚ್ಚು ಅದೇ, ಓಡಿಸುತ್ತಿದ್ದವಳೂ ನಾನೇ.

ಮಗಳನ್ನು ಶಾಲೆಗೆ ಬಿಟ್ಟು, ಹೆಂಗಸರನ್ನು ಪೇಟೆಯಲ್ಲಿ ಇಳಿಸಿದೆ. ಬಳೆ ತೊಡಿಸಿಕೊಳ್ಳುವುದು ಹೊತ್ತಾಗುತ್ತದೆ, ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆ ಅಂದರು ಅತ್ತೆ. ನಾನೊಬ್ಬಳೇ ಹಿಂತಿರುಗಿದೆ. ಊರು ದಾಟಿ ನಲವತ್ತು ಮುಟ್ಟಿದ್ದೇ ತಡ, ಗೇರಿನ ಗುಂಡಿನೊಳಗಿನ ಜೀರುಂಡೆ ಎದ್ದಿತು. ನಾಲೆಯ ಸೇತುವೆ ಪಕ್ಕ ಜೀಪು ನಿಲ್ಲಿಸಿ ಇಳಿದು ಅದನ್ನು ನೋಡುತ್ತ ನಿಂತೆ. ಖಾಲಿ ಜೀಪು ಹಿಂಭಾಗ ಎತ್ತಿಕೊಂಡು ನಿಂತಿತ್ತು. ಹೆಂಗಸರು ಕೂತಾಗ ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಕೈ ತೂರಿಸುವಷ್ಟೂ ಜಾಗ ಇರಲಿಲ್ಲವೆಂದು ನೆನಪಾಯಿತು. ಪೇಟೆಯಲ್ಲಿ ಅತ್ತೆಯನ್ನು ಇಳಿಸಲು ಸ್ಟೂಲು ಹಾಕುವಾಗ ನೋಡಿದ್ದೆ. ಈಗ ಅಲ್ಲಿ ಒಂದು ಬಿಂದಿಗೆ ಹಿಡಿಸುವಂತಿತ್ತು. ಯಜಮಾನರು ಓಡಿಸುವಾಗ ಹಿಂದೆ ಯಾವಾಗಲೂ ಆಲೂಗಡ್ಡೆ ಮೂಟೆ. ಬರುವಾಗ ಗೊಬ್ಬರ, ಇಲ್ಲವೇ ಜನ. ನಮ್ಮ ಕಡೆ ರಸ್ತೆಯಲ್ಲಿ ನಿಂತವರನ್ನು ಬಿಟ್ಟು ಖಾಲಿ ಗಾಡಿ ಓಡಿಸಿಕೊಂಡು ಹೋದರೆ ಅದು ಸೊಕ್ಕು. ಅವರ ಜೀಪು ಖಾಲಿ ಓಡುವುದಕ್ಕೆ ಊರು ಬಿಡುತ್ತಿರಲಿಲ್ಲ. ನನ್ನ ಜೀಪು ತುಂಬುವುದಕ್ಕೆ ಊರಿಗೆ ಮನಸ್ಸಿರಲಿಲ್ಲ.

ಆ ಸಂಜೆ ಊಟಕ್ಕೆ ಬಡಿಸುತ್ತ ಹೇಳಿದೆ. ಯಜಮಾನರು ನಕ್ಕರು.

"ಭಾರ ಹಾಕಿದ್ರೆ ಗಾಡಿ ಸರಿಹೋಗತ್ತಾ? ಯಾರಾದ್ರೂ ಕೇಳಿದ್ರೆ ನಗ್ತಾರೆ."

"ನಗ್ಲಿ. ಅದನ್ನ ಎತ್ತರ ಮಾಡಿಸಿದ ಮೇಲೆ ನೀವು ಖಾಲಿ ಓಡಿಸಿದ್ದು ಯಾವತ್ತು, ಹೇಳಿ ನೋಡೋಣ."

ಅವರ ಕೈಯಲ್ಲಿ ಮುದ್ದೆಯ ತುತ್ತು ಹಾಗೇ ನಿಂತಿತು. ಯೋಚನೆ ಮಾಡಿದರು. ಎಡಗೈ ಬೆರಳಿನಲ್ಲಿ ಎಣಿಸಹೋಗಿ ಬಿಟ್ಟುಬಿಟ್ಟರು.

ಅತ್ತೆ ಒಳ್ಳೆಯ ದಾರಿ ಕಂಡುಹಿಡಿದರು. "ಅಂಗಾದ್ರೆ ನಾನೇ ದಿನಾ ಬಂದು ಇಂದೆ ಕೂತ್ಕತೀನಿ ಬುಡು. ಒಂದ್ ಮೂಟೇಗೆ ಸಮ ಅಲ್ವಾ ನಾನು?"

ಮಾವನವರು ಸಾರು ಸುರಿಯುತ್ತ ತಲೆಯೆತ್ತದೆ ಅಂದರು: "ಒಂದಲ್ಲ. ಎಳ್ಡು."

ಮರುದಿನ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ಕು ಎಂದಿನಂತೆ ಸ್ಟಾರ್ಟ್ ಮಾಡಿದ, ಬೆಂಚಿನವರು ಎಂದಿನಂತೆ ಹತ್ತಿದರು. ನಾನು ಹಿಂದೆ ಹೋಗಿ ನಿಂತು, ಅಷ್ಟು ಜನ ಗಂಡಸರೆದುರು ಎಲ್ಲಿಂದ ಬಂತೋ ಧ್ವನಿ, "ದಯವಿಟ್ಟು ಎಲ್ಲರೂ ಇಳೀಬೇಕು" ಅಂದೆ.

"ಯಾಕವ್ವ? ನಾವೇನ್ ಮಾಡುದ್ವಿ?"

"ನೀವು ಕೂತ್ರೆ ಜೀಪು ಒಳ್ಳೇದಾಗಿಬಿಡತ್ತೆ. ಅದಕ್ಕೇ."

"ಅದುಕ್ಕೆ ಇಳೀಬೇಕಾ? ಒಳ್ಳೇ ಕಾಲ ಬಂತು ಕಣ್ಲಾ!" ಎಂದು ಒಬ್ಬ ಗೊಣಗುತ್ತ ಇಳಿದ. ಉಳಿದವರೂ ಬೇಜಾರಿನಿಂದಲೇ ಬೆಂಚಿಗೆ ಹೋದರು.

ಯಜಮಾನರೇ ಓಡಿಸಿದರು. ಪಕ್ಕದಲ್ಲಿ ಮೆಕ್ಯಾನಿಕ್ಕು. ಹಿಂದಿನ ಸೀಟಿನ ತುದಿಯಲ್ಲಿ ಭಾರ ಬೀಳದ ಹಾಗೆ ನಾನು. ಹಾಗೆ ಕೂತರೆ ಭಾರ ಕಡಿಮೆಯಾಗುತ್ತದೇನೋ ಎಂಬಂತೆ. ಊರ ಹೊರಗೆ ಒಂದು ಹುಣಸೆಮರದ ಕೆಳಗೆ ಯಜಮಾನರ ದೊಡ್ಡಪ್ಪನವರೇ ನಿಂತಿರಬೇಕೆ! ಕೊಡೆ ಎತ್ತಿ ಬೀಸಿದರು. ಯಜಮಾನರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ರೀ, ಬೇಡ!"

"ದೊಡ್ಡಪ್ಪ ಕಣೇ!"

"ಬೇಡ ಅಂದೆ."

ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈ ಎದೆಯ ಮೇಲಿಟ್ಟು ನಮಸ್ಕಾರ ಮಾಡುತ್ತ, ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿ ಅವರು ದಾಟಿಸಿಕೊಂಡು ಹೋದರು. ಕನ್ನಡಿಯಲ್ಲಿ ದೊಡ್ಡಪ್ಪನ ಕೊಡೆ ಇನ್ನೂ ಮೇಲೇ ಇತ್ತು. ಮುಳ್ಳು ನಲವತ್ತೈದಕ್ಕೆ ಬಂತು. ಒಬ್ಬ ದೊಡ್ಡಪ್ಪ ಇಬ್ಬರಾದರು. ಕಾಲಡಿಯ ತಗಡು ಗುಯ್ ಎಂದಿತು.

ಯಜಮಾನರು ಕ್ಲಚ್ಚಿನಿಂದ ದೂರ ಇದ್ದ ತಮ್ಮ ಎಡಗಾಲನ್ನು ಒಮ್ಮೆ ನೋಡಿಕೊಂಡರು. ಗೇರು ನ್ಯೂಟ್ರಲ್ ಮಾಡಿ ಸುಮ್ಮನೆ ಓಡಬಿಟ್ಟರೂ ನಡುಕ ನಿಲ್ಲಲಿಲ್ಲ.

"ಗೌಡ್ರೇ, ಇದು ಅಕ್ಕನ ಕಾಲಲ್ಲ" ಅಂದ ಮೆಕ್ಯಾನಿಕ್ಕು. "ಇಂಜಿನ್ನೂ ಅಲ್ಲ. ಶಾಫ್ಟು ಕೂತಿರೋ ಓರೆ ಇದು. ಬೆಂಚ್ನೋರ್ನ ಅತ್ತಿಸ್ಕೊಂಡು ಟ್ರಯಲ್ ಮಾಡ್ದೆ ನೋಡಿ, ನನ್ ಬುದ್ಧಿಗೆ ಏನೇಳಾನ!"

ಗ್ಯಾರೇಜಿನಲ್ಲಿ ಅವನು ತನ್ನ ಎರಡು ಮಣಿಕಟ್ಟು ಬಾಗಿಸಿ ತೋರಿಸಿದ. ಶಾಫ್ಟಿನ ಎರಡು ತುದಿಗೂ ಒಂದೊಂದು ಕ್ರಾಸು, ಅವು ನಮ್ಮ ಮಣಿಕಟ್ಟಿದ್ದ ಹಾಗೆ. ಒಂದು ಕಡೆ ಎಷ್ಟು ಬಾಗಿದೆಯೋ ಇನ್ನೊಂದು ಕಡೆಯೂ ಅಷ್ಟೇ ಬಾಗಿದ್ದರೆ ಒಂದರ ಎಳೆತ ಇನ್ನೊಂದು ಸರಿ ಮಾಡಿಕೊಳ್ಳುತ್ತದೆ. ಕಮಾನು ಎತ್ತರವಾದ ಮೇಲೆ ಶಾಫ್ಟು ಇಳಿಜಾರಾಗಿದೆ, ಹಿಂದಿನ ಉಂಡೆಯ ಮೂತಿ ಬೇರೆ ಕಡೆ ನೋಡುತ್ತಿದೆ. ಎರಡು ಬಾಗೂ ಹೊಂದುತ್ತಿಲ್ಲ. ಭಾರ ಬಿದ್ದಾಗ ಜೀಪು ತಗ್ಗಿ ಎಲ್ಲ ಹಳೆಯ ಅಂದಕ್ಕೆ ಬರುತ್ತದೆ. ನನಗೆ ಅರ್ಥವಾಯಿತು. ಹೊಲಿಗೆಯಲ್ಲಿ ಎರಡು ಕಂಕುಳೂ ಒಂದೇ ಅಳತೆಗೆ ಕತ್ತರಿಸದಿದ್ದರೆ ರವಿಕೆ ಮೈಮೇಲೆ ಎಳೆದಾಡುವುದನ್ನು ಎಷ್ಟು ಸಲ ನೋಡಿದ್ದೆನೋ.

ಕಮಾನಿಗೂ ಉಂಡೆಯ ಅಚ್ಚಿಗೂ ನಡುವೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಕಬ್ಬಿಣದ ಬೆಣೆ ಕೊಟ್ಟು ಮೂತಿ ತಿರುಗಿಸಬೇಕು ಅಂದ. ಎಷ್ಟು ತಿರುಗಿಸಬೇಕೆಂದು ಅಳೆಯುವುದಕ್ಕೆ ಅವನ ಹತ್ತಿರ ಸಲಕರಣೆ ಇರಲಿಲ್ಲ. ಮನೆಯಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಕಾನ್ವೆಂಟಿನ ಕಾಲದ ಜಾಮಿಟ್ರಿ ಬಾಕ್ಸಿತ್ತು. ಅದರ ಕೋನಮಾಪಕದ ನಡುವಿನ ತೂತಿಗೆ ದಾರ ಕಟ್ಟಿ, ತುದಿಗೆ ಒಂದು ನಟ್ಟು ತೂಗುಬಿಟ್ಟು, ಜೀಪಿನ ಅಡಿ ಮಲಗಿ ಅವನು ಅಳೆದ. ಹಾಸನದ ಲೇತಿನವರು ಎರಡು ಬೆಣೆ ಮಾಡಿಕೊಟ್ಟರು. ಹೊಸ ಕಬ್ಬಿಣದ ನೀಲಿ ಹೊಳಪು, ಮುಟ್ಟಿದರೆ ಎಣ್ಣೆ. ಗೊಬ್ಬರದ ಚೀಲದ ಜೊತೆ ಬರುವುದು ಬೇಡವೆಂದು ನಾನು ಅವನ್ನು ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದೆ.

ಗೌರಿ ಹಬ್ಬದ ಹಿಂದಿನ ದಿನ ಬೆಣೆ ಕೂತವು. ಖಾಲಿ ಜೀಪಿನಲ್ಲಿ ನಾನೇ ಓಡಿಸಿದೆ, ಮೆಕ್ಯಾನಿಕ್ಕು ಪಕ್ಕದಲ್ಲಿ. ಮೂವತ್ತಕ್ಕೇ ನಡುಕ ಹಿಡಿಯಿತು. ನಲವತ್ತಕ್ಕೆ ಹಿಂದಿನದಕ್ಕಿಂತ ಜೋರಾಗಿ, ಹಲ್ಲು ಹಲ್ಲು ತಾಕುವ ಹಾಗೆ. ಹಜಾರದ ಮೂಲೆಯ ಹಸಿರು ಟ್ರಂಕು ಕಣ್ಣ ಮುಂದೆ ಬಂತು. ರಸ್ತೆ ಬದಿಗೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಕ್ಕಾ, ಜಾಸ್ತಿ ಆಯ್ತಾ?"

"ಆಯ್ತು."

"ಚೆಂದಾಗ್ ಜಾಸ್ತಿ ಆಯ್ತಾ?"

"ಅಯ್ಯೋ, ಹೌದಪ್ಪಾ."

"ಒಳ್ಳೇದಾಯ್ತು ಬುಡಿ!" ಎಂದು ಅವನು ಡ್ಯಾಶಿಗೆ ಗುದ್ದಿದ. "ಬೆಣೇನ ತಿರುವುಮುರುವು ಕೊಟ್ಬುಟ್ಟಿದೀನಿ. ಮೂತಿ ಆ ಕಡೆ ಓದ್ರೆ ಇಷ್ಟು ಕೆಡ್ತದೆ ಅಂದ್ರೆ, ಈ ಕಡೆ ಬಂದ್ರೆ ಸರಿಯಾಗ್ಲೇಬೇಕು. ಏನೂ ಯತ್ಯಾಸ ಆಗ್ದೆ ಇದ್ದಿದ್ರೆ ನಾನ್ ಅಳ್ತಿದ್ದೆ. ನೀವ್ಯಾಕಳ್ತೀರಿ?"

ಆ ನಿಮಿಷದಲ್ಲಿ ಅವನ ಲೆಕ್ಕ ನನಗೆ ಸಮಾಧಾನ ತರಲಿಲ್ಲ. ಗ್ಯಾರೇಜಿನ ಬೆಂಚಿನ ತುದಿಯಲ್ಲಿ, ಅಲ್ಲಿದ್ದವರು ಸರಿದು ಕೊಟ್ಟ ಜಾಗದಲ್ಲಿ, ಕೂತು ಕಾದೆ. ಯಾರೋ ಟೀ ತಂದುಕೊಟ್ಟರು. ಅವನು ಬೋಲ್ಟು ಸಡಿಲಿಸಿ ಬೆಣೆಗಳ ದಪ್ಪ ತುದಿಯನ್ನು ಇನ್ನೊಂದು ಬದಿಗೆ ತಿರುಗಿಸಿದ. ಎರಡನೇ ಸಲ ಹೊರಟಾಗ ಮುಳ್ಳನ್ನು ನೋಡಬೇಡಿ ಅಂದ. ನೋಡಲಿಲ್ಲ. ಸುಮಾರು ದೂರ ಹೋದ ಮೇಲೆ, "ಈಗ ನೋಡಿ" ಅಂದ. ಐವತ್ತರ ಹತ್ತಿರ ಇತ್ತು. ಗೇರಿನ ಗುಂಡು ಬರೀ ಗುಂಡಾಗಿತ್ತು.

ಹಬ್ಬ ಮುಗಿದು ಶಾಲೆ ತೆರೆದ ದಿನ ಜೀಪು ಹೊರಡಿಸುವಾಗ ಮಾವನವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ನಿಂತರು. ನಾನು ಓಡಿಸುವಾಗ ಅವರು ಒಂದು ದಿನವೂ ಹತ್ತಿದವರಲ್ಲ.

"ನಡಿಯವ್ವ, ನೋಡಾನ" ಎಂದು ಮುಂದಿನ ಸೀಟಿಗೆ ಹತ್ತಿ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡರು. ಹಿಂದೆ ಖಾಲಿ. ಟಾರು ಸಿಕ್ಕಿದ ಮೇಲೆ, ಗಬ್ಬದ ಹಸುವಿನ ಹೊಟ್ಟೆಯ ಮೇಲೆ ಕೈಯಿಡುವ ಹಾಗೆ, ಅಂಗೈಯನ್ನು ಡ್ಯಾಶಿನ ತಗಡಿನ ಮೇಲೆ ಅಗಲವಾಗಿ ಇಟ್ಟರು. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಮಗಳು ಬಾಯಿ ತೆರೆದಳು. ಅವಳ 'ಆ' ಉಸಿರು ಮುಗಿಯುವ ತನಕ ಒಂದೇ ಎಳೆಯಲ್ಲಿ ಹೋಯಿತು.

"ಛೇ, ಹೋಯ್ತು" ಎಂದು ಮುಖ ಊದಿಸಿಕೊಂಡಳು.

"ಇನ್ನೊಂದ್ ಸಲ ಅನ್ನು ಮಗಾ" ಅಂದರು ಮಾವನವರು. ಅವಳು ಒಲ್ಲದ ಮನಸ್ಸಿನಿಂದ ಇನ್ನೊಮ್ಮೆ ಅಂದಳು. ಅವರು ಕಿವಿಗೊಟ್ಟು ಕೇಳಿ, ಕೈ ತೆಗೆದು, ಟವೆಲಿನಿಂದ ಅಂಗೈಯ ಧೂಳು ಒರೆಸಿಕೊಂಡರು. ಹಾಸನದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸ್ವಲ್ಪ ಮುಂದೆ ನಮ್ಮೂರ ಗಂಡಸರು ಮೂರು ನಾಲ್ಕು ಜನ ಯಾವುದಾದರೂ ಗಾಡಿ ಸಿಕ್ಕೀತೆಂದು ನಿಂತಿದ್ದರು. ನನ್ನನ್ನು ಕಂಡು ಆಕಾಶ ನೋಡಲು ಶುರುಮಾಡಿದರು.

"ನಿಲ್ಸವ್ವ" ಅಂದರು ಮಾವನವರು. ತಲೆ ಹೊರಗೆ ಹಾಕಿ, "ಏನ್ರಲಾ, ಮೋಡ ಎಣುಸ್ತಿದ್ದೀರಾ? ಅತ್ತ್‌ರಲಾ. ನಾನ್ ಕೂತಿಲ್ವಾ?" ಅಂದರು. ಅವರು ಹತ್ತಿದರು. ಮರುದಿನ ಮಾವನವರಿಲ್ಲದಿದ್ದರೂ ಅವರಲ್ಲಿ ಇಬ್ಬರು ಹತ್ತಿದರು. ದೀಪಾವಳಿಯ ಹೊತ್ತಿಗೆ ನನ್ನ ಜೀಪಿನಲ್ಲಿ ಹಾಲಿನ ಕ್ಯಾನು, ಕೋಳಿ, ಬಾಳೆಗೊನೆ, ಜನ ಎಲ್ಲ ಸೇರಿ ಮಗಳು ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಕೂರಬೇಕಾಯಿತು. ಬೆಣೆ ಹಾಕಿಸದಿದ್ದರೂ ಇನ್ನು ಆ ಜೀಪು ನಡುಗುತ್ತಿರಲಿಲ್ಲ ಎಂದು ಯಜಮಾನರು ಇವತ್ತಿಗೂ ನಗಿಸುತ್ತಾರೆ.

ಹೊಳೆನರಸೀಪುರದ ಶಾಲೆಯಲ್ಲೇ ಮಗಳು ಹೈಸ್ಕೂಲು ಮುಗಿಸಿದಳು. ಹಸಿರು ಟ್ರಂಕಿನ ಮೇಲೆ ಹೆಸರು ಬರೆಸಲೇ ಇಲ್ಲ. ಮಾವನವರು ಅದಕ್ಕೆ ಸ್ಪಾನರು, ಜಾಕು, ಹಗ್ಗ ತುಂಬಿಸಿ ಜೀಪಿನ ಹಿಂದೆ ಇರಿಸಿದರು. ನಮ್ಮತ್ತೆ ಹತ್ತುವಾಗ ಸ್ಟೂಲಿನಿಂದ ಅದರ ಮೇಲೆ ಕಾಲಿಟ್ಟು, ಅಲ್ಲಿಂದ ಸೀಟಿಗೆ ಹೋಗುತ್ತಿದ್ದರು. ಭಾರಕ್ಕೆ ಅವರು ಬೇಕಾಗಿರಲಿಲ್ಲ. ಆದರೂ ಸಂತೆಯ ದಿನ ಬೆಳಿಗ್ಗೆ ಎಲೆಅಡಿಕೆ ಚೀಲ ಹಿಡಿದು ನನಗಿಂತ ಮೊದಲೇ ಬಂದು ಹಿಂದೆ ಕೂತಿರುತ್ತಿದ್ದರು.